ಒಮ್ಮೆ ಕೊಟ್ಟ ಕೋಡ್

ಕಿಲ್ಲೆ ಮೈದಾನದಲ್ಲಿ ಸೋಮವಾರದ ಸಂತೆ ನೆರೆದ ದಿನ ಪುತ್ತೂರು ಬಸ್‌ ನಿಲ್ದಾಣದ ಆಸುಪಾಸಿನ ಮೊಬೈಲ್ ರಿಪೇರಿ ಅಂಗಡಿಗಳಿಗೂ ಪುರುಸೊತ್ತಿರುವುದಿಲ್ಲ. ಒಂದು ಕೈಯಲ್ಲಿ ಒಣಮೀನಿನ ತೊಟ್ಟೆ, ಇನ್ನೊಂದರಲ್ಲಿ ಒದ್ದೆ ಕೊಡೆ ಹಿಡಿದು ಬಂದವರು ಕಿಸೆಯಿಂದ ಫೋನ್ ತೆಗೆದು ಗಾಜಿನ ಮೇಜಿನ ಮೇಲಿಡುತ್ತಾರೆ. "ಆನ್ ಆಗ್ತದೆ, ಕಂಪನಿಯ ಹೆಸರು ಬರ್ತದೆ, ಅಲ್ಲಿಗೇ ನಿಲ್ತದೆ." ಅಂಗಡಿಯ ಹುಡುಗ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಒಂದು ನಿಮಿಷ ನೋಡುತ್ತಾನೆ. "ಸೆಟ್ಟಿಗೆ ಏನೂ ಆಗ್ಲಿಲ್ಲ ಮಾರಾಯ್ರೆ, ಸಾಫ್ಟ್‌ವೇರ್ ಹೋಗಿದೆ. ಹೊಸತು ಹಾಕ್ಬೇಕು. ಸಂಜೆ ಬನ್ನಿ."

ಸಂಜೆ ಕಡಬಕ್ಕೋ ಸುಳ್ಯಕ್ಕೋ ಹೋಗುವ ಬಸ್ಸು ಹಿಡಿಯುವಷ್ಟರಲ್ಲಿ ಫೋನ್ ಸರಿಯಾಗಿರುತ್ತದೆ. ಅಡಿಕೆಯ ಧಾರಣೆ, ಮಗಳ ವಾಟ್ಸ್ಆ್ಯಪ್, ಯೂಟ್ಯೂಬಿನ ಯಕ್ಷಗಾನ ಎಲ್ಲ ಮತ್ತೆ ಶುರು. ಆ ಹುಡುಗ "ಹಾಕಿದ" ವಸ್ತುವಿನ ದೊಡ್ಡ ಭಾಗವನ್ನು ಬರೆದವರು ಅದನ್ನು ಎಲ್ಲರೂ ಓದುವಂತೆ, ತಿದ್ದುವಂತೆ ಬಿಟ್ಟುಕೊಟ್ಟಿದ್ದಾರೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಟ್ಟಕಡೆಗೆ ಇರುವ ಫೋನಿನ ಮಾಹಿತಿ, ಅದರೊಳಗಿನ ಕಾನೂನು ಮಾಹಿತಿ ಎಂಬಲ್ಲಿ ಒತ್ತಿದರೆ ಉದ್ದಕ್ಕೆ ಇಳಿಯುವ ಒಂದು ಪಟ್ಟಿ ಸಿಗುತ್ತದೆ. ಯಾವ ಭಾಗ ಯಾರದ್ದು, ಯಾವ ಷರತ್ತಿನ ಮೇಲೆ ಕೊಟ್ಟದ್ದು ಎಂಬ ವಿವರ ಅದು. ಅದನ್ನು ಕೊನೆಯವರೆಗೆ ಓದಿದವರನ್ನು ನಾನಂತೂ ಕಂಡಿಲ್ಲ.

"ಆಂಡ್ರಾಯ್ಡ್ ಓಪನ್ ಸೋರ್ಸ್ ಅಂತೆ" ಎಂಬ ಮಾತು ನಮ್ಮಲ್ಲಿ ಕಾಲೇಜು ಮಕ್ಕಳಿಂದ ಹಿಡಿದು ಅಂಗಡಿ ಜಗಲಿಯವರೆಗೆ ಚಾಲ್ತಿಯಲ್ಲಿದೆ. ಲಾಭಕ್ಕೆಂದೇ ಇರುವ ಕಂಪನಿಯೊಂದು ಕೋಟಿಗಟ್ಟಲೆ ಸುರಿದು ಬರೆಸಿದ್ದನ್ನು ಯಾಕೆ ಊರಿಗೆಲ್ಲ ಹಂಚುತ್ತದೆ? ನಾಳೆ ಮನಸ್ಸು ಬದಲಾದರೆ ವಾಪಸ್ ತೆಗೆದುಕೊಳ್ಳಬಹುದೇ? ಇದಕ್ಕೆ ಆಂಡ್ರಾಯ್ಡಿಗಿಂತ ಒಳ್ಳೆಯ ಉತ್ತರ ಇನ್ನೊಂದು ಕಂಪನಿಯ ಕತೆಯಲ್ಲಿದೆ. ಆ ಕತೆಯ ಒಂದು ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ.

ಓದಲು ಬರುವುದು, ಓದಲು ಬಾರದ್ದು

ಮೊದಲು ಎರಡು ಮಾತು. ಕಂಪ್ಯೂಟರಿನ ಮೆಮೊರಿ, ಡಿಸ್ಕ್, ಪರದೆ, ಕೀಲಿಮಣೆ ಇವನ್ನೆಲ್ಲ ಆಳುವ, ಉಳಿದ ಪ್ರೋಗ್ರಾಂಗಳಿಗೆ ಸರದಿ ಕೊಡುವ ಮೂಲ ಪ್ರೋಗ್ರಾಮೇ ಆಪರೇಟಿಂಗ್ ಸಿಸ್ಟಂ. ಎಂಜಿನಿಯರುಗಳು ಅದನ್ನು ಮನುಷ್ಯರಿಗೆ ಓದಲು ಬರುವ ಭಾಷೆಯಲ್ಲಿ ಬರೆಯುತ್ತಾರೆ. ಅದು ಸೋರ್ಸ್ ಕೋಡ್. ಆಮೇಲೆ ಯಂತ್ರಕ್ಕೆ ಮಾತ್ರ ತಿಳಿಯುವ ಸೊನ್ನೆ-ಒಂದುಗಳ ಸರಣಿಯಾಗಿ ಮಾರ್ಪಡಿಸುತ್ತಾರೆ. ಅಂಗಡಿಯಲ್ಲಿ ಮಾರುವುದು ಈ ಎರಡನೆಯದನ್ನು. ಅದರಿಂದ ಕೆಲಸ ಆಗುತ್ತದೆ, ಹೇಗೆ ಆಗುತ್ತದೆಂದು ತಿಳಿಯುವುದಿಲ್ಲ, ಕೆಟ್ಟರೆ ತಿದ್ದಲು ಬರುವುದಿಲ್ಲ.

ಓಪನ್ ಸೋರ್ಸ್ ಎಂದರೆ ಮೊದಲನೆಯದನ್ನೂ ಕೊಡುವುದು. ಬರೀ ಕೊಟ್ಟರೆ ಸಾಲದು. ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು ಎಂಬ ಲಿಖಿತ ಹಕ್ಕು, ಅಂದರೆ ಲೈಸೆನ್ಸ್, ಅದರ ಜತೆಗಿರಬೇಕು.

ಸೂರ್ಯನ ಹೆಸರಿನ ಕಂಪನಿ

1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಸನ್ ಮೈಕ್ರೋಸಿಸ್ಟಮ್ಸ್‌ನ ನಾಲ್ವರು ಸ್ಥಾಪಕರಲ್ಲಿ ಒಬ್ಬರು ದಿಲ್ಲಿ ಐಐಟಿಯಲ್ಲಿ ಓದಿದ ವಿನೋದ್ ಖೋಸ್ಲಾ. ದೊಡ್ಡ ಸರ್ವರ್‌ಗಳನ್ನು ಕಟ್ಟಿ ಮಾರುವುದು ಕಂಪನಿಯ ಕಸುಬು. ಅವುಗಳೊಳಗೆ ಓಡುತ್ತಿದ್ದ ಆಪರೇಟಿಂಗ್ ಸಿಸ್ಟಂ ಸೋಲಾರಿಸ್. ಅದು ಯೂನಿಕ್ಸ್ ವಂಶದ್ದು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸ್. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಎಷ್ಟೋ ತಂಡಗಳು ಬೆವರಿಳಿಸಿಕೊಂಡು ಆಜ್ಞೆಗಳನ್ನು ಬಾಯಿಪಾಠ ಮಾಡಿದ್ದು ಇದೇ ಯೂನಿಕ್ಸಿನವು.

ಇಂಟರ್ನೆಟ್ಟಿನ ಮೊದಲ ಅಬ್ಬರದಲ್ಲಿ ಸನ್ ಹೇಳಿದ್ದೇ ಬೆಲೆ. 2000ದಲ್ಲಿ ಅದರ ಷೇರು 60 ಡಾಲರ್ ದಾಟಿತ್ತು. ಆ ಅಬ್ಬರದ ಗುಳ್ಳೆ ಒಡೆದು ಎರಡು ವರ್ಷವಾಗುವಷ್ಟರಲ್ಲಿ 5 ಡಾಲರಿಗೂ ಕೆಳಗೆ. ಅಷ್ಟರಲ್ಲಿ, ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಬೆಳೆದು ನಿಂತಿತ್ತು. ಇಂಟೆಲ್ ಚಿಪ್ಪಿನ ಅಗ್ಗದ ಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡರೆ ಸನ್‌ನ ದುಬಾರಿ ಪೆಟ್ಟಿಗೆಯ ಕೆಲಸ ಬಹುಮಟ್ಟಿಗೆ ಆಗುತ್ತಿತ್ತು. ಕಾಲೇಜಿನಿಂದ ಹೊಸತಾಗಿ ಬಂದ ಎಂಜಿನಿಯರುಗಳು ಸೋಲಾರಿಸ್ ಮುಟ್ಟಿಯೂ ನೋಡಿರುತ್ತಿರಲಿಲ್ಲ.

ಸನ್ ಎರಡು ಹೆಜ್ಜೆ ಇಟ್ಟಿತು. 2005ರ ಜನವರಿಯಲ್ಲಿ ಹೊರಬಂದ ಸೋಲಾರಿಸ್ 10ನ್ನು ದುಡ್ಡಿಲ್ಲದೆ ಬಳಸಬಹುದು ಎಂದಿತು. ಅಷ್ಟರಿಂದ ಯಾರಿಗೂ ಒಳಗಿನ ಸಾಲು ಕಾಣಲಿಲ್ಲ. ಅದೇ ವರ್ಷ ಜೂನ್ 14ರಂದು 50 ಲಕ್ಷಕ್ಕೂ ಹೆಚ್ಚು ಸಾಲುಗಳ ಸೋರ್ಸ್ ಕೋಡನ್ನೇ 'ಓಪನ್‌ಸೋಲಾರಿಸ್' ಹೆಸರಿನಲ್ಲಿ ಬಿಡುಗಡೆ ಮಾಡಿತು. ಅದಕ್ಕೂ ಮೊದಲೇ, ಸಾವಿರದ ಆರುನೂರಕ್ಕೂ ಹೆಚ್ಚು ಪೇಟೆಂಟ್‌ಗಳನ್ನು ಓಪನ್ ಸೋರ್ಸ್‌ ಬಳಕೆಗೆ ಬಿಟ್ಟುಕೊಡುವುದಾಗಿ ಘೋಷಿಸಿತ್ತು.

ಇದನ್ನು ದಾನ ಎಂದು ಕರೆಯಲು ನನಗೆ ಮನಸ್ಸಿಲ್ಲ. ಯಂತ್ರ ಮಾರಬೇಕು, ನಿರ್ವಹಣೆಯ ಒಪ್ಪಂದ ಮಾರಬೇಕು, ಹೊಸ ತಲೆಮಾರಿನ ಎಂಜಿನಿಯರುಗಳನ್ನು ಸೆಳೆಯಬೇಕು, ಅದಕ್ಕಾಗಿ ಕೋಡ್. 1998ರಲ್ಲಿ ತನ್ನ ಬ್ರೌಸರಿನ ಕೋಡ್ ಬಿಟ್ಟುಕೊಟ್ಟ ನೆಟ್‌ಸ್ಕೇಪ್ ಆಗ ಮೈಕ್ರೋಸಾಫ್ಟಿನೆದುರು ಸೋಲುತ್ತಿತ್ತು. ನೋಕಿಯ ಫೋನುಗಳೊಳಗಿನ ಸಿಂಬಿಯನ್ ಕೋಡ್ ಪೂರ್ತಿ ಹೊರಬಂದದ್ದು 2010ರ ಫೆಬ್ರವರಿಯಲ್ಲಿ, ಪುತ್ತೂರಿನ ಅಂಗಡಿಗಳಲ್ಲೂ ಜನ ಟಚ್ ಸ್ಕ್ರೀನ್ ಕೇಳತೊಡಗಿದ್ದ ಕಾಲದಲ್ಲಿ. ಗೆಲ್ಲುತ್ತಿರುವ ಕಂಪನಿಗೆ ಕೋಡ್ ಬಿಚ್ಚಿಡುವ ಯೋಚನೆ ಬರುವುದು ಅಪರೂಪ.

ಪುತ್ತೂರು ಎಂದು ಬರೆಯಲು ಎಂಟು ಸಂಕೇತ

ಕೊಡುತ್ತೇನೆಂದರೂ ಕೊಡುವುದು ಸುಲಭವಾಗಿರಲಿಲ್ಲ. ಹಳೆಯ ಆಪರೇಟಿಂಗ್ ಸಿಸ್ಟಮಿನೊಳಗೆ ಪರರ ಸ್ವತ್ತು ಬೇಕಾದಷ್ಟಿರುತ್ತದೆ. ಯೂನಿಕ್ಸಿನ ಹಕ್ಕಿಗಾಗಿ ಸನ್ 1994ರಲ್ಲೇ ನೋವೆಲ್ ಕಂಪನಿಗೆ 8 ಕೋಟಿ ಡಾಲರಿಗೂ ಹೆಚ್ಚು ತೆತ್ತಿತ್ತು. ಆದರೂ ಕೆಲವು ಡ್ರೈವರ್‌ಗಳು, ಸಿದ್ಧ ಕೋಡಿನ ಕೆಲವು ಲೈಬ್ರರಿಗಳು ಬೇರೆ ಕಂಪನಿಗಳಿಂದ ಲೈಸೆನ್ಸಿಗೆ ತಂದವು. ವಕೀಲರು ಸಾಲು ಸಾಲು ಜಾಲಾಡಿದ ಮೇಲೂ ಅವನ್ನು ತೆರೆಯಲಾಗಲಿಲ್ಲ. ಅವು ಮುಚ್ಚಿದ ಪೊಟ್ಟಣವಾಗಿಯೇ ಜತೆಗೆ ಬಂದವು.

ಹಾಗೆ ಮುಚ್ಚಿಯೇ ಉಳಿದ ಭಾಗಗಳಲ್ಲಿ ಒಂದು ನಮ್ಮಂಥವರ ಗಮನಕ್ಕೆ ಬರಬೇಕಾದದ್ದು: ಭಾಷೆಗಳನ್ನು ನೋಡಿಕೊಳ್ಳುವ ಭಾಗ. ಯಾವ ಭಾಷೆಗೆ ಯಾವ ಅಕ್ಷರಸಂಕೇತ, ಅಕಾರಾದಿಯಾಗಿ ಹೆಸರುಗಳನ್ನು ಹೇಗೆ ಜೋಡಿಸಬೇಕು, ದಿನಾಂಕ ಹೇಗೆ ಬರೆಯಬೇಕು ಎಂದು ತೀರ್ಮಾನಿಸುವ ಕೋಡ್ ಅದು. ಇಡೀ ಜಗತ್ತಿಗೆ ತೆರೆದುಕೊಟ್ಟ ವ್ಯವಸ್ಥೆಯಲ್ಲಿ ಜಗತ್ತಿನ ಭಾಷೆಗಳಿಗೆ ಸಂಬಂಧಿಸಿದ ತುಂಡಿಗೇ ಬೀಗ!

ಭಾಷೆಯ ಕೋಡ್ ಎಂದರೆ ಏನು ಕೆಲಸ ಎಂದು ಕೇಳುವವರು 'ಪುತ್ತೂರು' ಎಂಬ ಪದವನ್ನೇ ನೋಡಬಹುದು. ಕಂಪ್ಯೂಟರಿನೊಳಗೆ ಅದು ಎಂಟು ಯೂನಿಕೋಡ್ ಸಂಕೇತಗಳ ಸಾಲು: ಪ, ಉಕಾರದ ಕೊಂಬು, ತ, ಅದರ ಸ್ವರ ತೆಗೆಯುವ ವಿರಾಮ ಚಿಹ್ನೆ, ಮತ್ತೆ ತ, ಊಕಾರದ ಚಿಹ್ನೆ, ರ, ಮತ್ತೆ ಉಕಾರ. ನಮ್ಮ ಕಣ್ಣಿಗೆ ಬೇಕಾದದ್ದು ಮೂರೇ ಅಕ್ಷರ. ವಿರಾಮ ಕಂಡ ಕೂಡಲೇ ಮುಂದಿನ ತಕಾರವನ್ನು ಒತ್ತಾಗಿಸಿ ಕೆಳಗಿಳಿಸಬೇಕು, ದೀರ್ಘವನ್ನು ಬಲಕ್ಕೆ ಸರಿಸಬೇಕು. 'ಸುಳ್ಯ'ದ ಐದು ಸಂಕೇತ ಎರಡಕ್ಷರವಾಗಬೇಕು. ಈ ಜೋಡಣೆಯ ಪ್ರೋಗ್ರಾಂ ಇಲ್ಲದ ಫೋನಿನಲ್ಲಿ ಒತ್ತು ಬಿಡಿಸಿಕೊಂಡು ಬರುತ್ತದೆ. ಫಾಂಟೂ ಇಲ್ಲದಿದ್ದರೆ ಬರೀ ಚೌಕ. ಆ ಚೌಕಗಳ ಕಾಲ ನೆನಪಿರುವವರು ಈಗಲೂ ಬೇಕಾದಷ್ಟು ಮಂದಿ ಇದ್ದಾರೆ. ಆಂಡ್ರಾಯ್ಡಿಗೆ ಕನ್ನಡ ಅಕ್ಷರ ಸರಿಯಾಗಿ ಬಂದದ್ದು 2012ರ ಜುಲೈಯಲ್ಲಿ ಹೊರಬಂದ 4.1ನೇ ಆವೃತ್ತಿಯಲ್ಲಿ, ತೆಲುಗು, ಮಲಯಾಳಗಳ ಜತೆಗೆ. ಇವತ್ತು ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲದರಲ್ಲೂ ಈ ಜೋಡಣೆ ಮಾಡುವುದು ಹಾರ್ಫ್‌ಬಜ್ ಎಂಬ ಒಂದೇ ಓಪನ್ ಸೋರ್ಸ್ ಪ್ರೋಗ್ರಾಂ. ಅಲ್ಲಿ ಒಂದು ಒತ್ತಕ್ಷರದ ದೋಷ ತಿದ್ದಿದರೆ ಕ್ರಮೇಣ ಎಲ್ಲ ಕಡೆಯೂ ತಿದ್ದಿದಂತೆ.

ಟೈಪಿಂಗಿನ ಕಡೆಗೂ ನಮ್ಮ ಜಿಲ್ಲೆಯ ಕೊಡುಗೆಯಿದೆ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಮೂಲಕ ಸರಕಾರಿ ಕಚೇರಿಗಳಿಗೆ ಹೋದದ್ದು. ಲಿನಕ್ಸ್ ಹಾಕಿದ ಯಾವ ಕಂಪ್ಯೂಟರಿನ ಕೀಲಿಮಣೆ ಪಟ್ಟಿ ತೆರೆದರೂ ಅದು 'ಕಗಪ' ಎಂಬ ಹೆಸರಿನಲ್ಲಿ ಕೂತಿರುತ್ತದೆ. ಹಿಂದಿಗೂ ಸಂಸ್ಕೃತಕ್ಕೂ ಕಗಪ ಮಾದರಿಯ ವಿನ್ಯಾಸ ಅಲ್ಲಿದೆ.

ಬೆಂಗಳೂರಿನಲ್ಲಿ ತಯಾರಾದ ಸಿಡಿ

ಕೋಡ್ ಹೊರಬಂದಿತು, ಸರಿ. ಐವತ್ತು ಲಕ್ಷ ಸಾಲುಗಳನ್ನು ಕಟ್ಟಿ ಓಡಿಸುವುದು ಸಾಮಾನ್ಯರ ಕೆಲಸವಲ್ಲ. ಕಂಪ್ಯೂಟರಿಗೆ ಸಿಡಿ ಹಾಕಿ, ಹಾರ್ಡ್‌ಡಿಸ್ಕನ್ನು ಮುಟ್ಟದೆ, ಸೀದಾ ಸಿಡಿಯಿಂದಲೇ ಓಡಿಸಿ ನೋಡುವ ಅನುಕೂಲ ಲಿನಕ್ಸಿಗಿತ್ತು. ಸೋಲಾರಿಸ್‌ಗೂ ಅದು ಬೇಕಿತ್ತು. ಜರ್ಮನಿಯ ಯೋರ್ಗ್ ಶಿಲ್ಲಿಂಗ್ ಕೋಡ್ ಬಿಡುಗಡೆಯಾದ ಕೆಲವೇ ದಿನಗಳಲ್ಲಿ 'ಶಿಲ್ಲಿಕ್ಸ್' ತಂದರು. ಅದೇ 2005ರಲ್ಲಿ ಬೆಂಗಳೂರಿನ ಸನ್ ಎಂಜಿನಿಯರಿಂಗ್ ಕೇಂದ್ರದಲ್ಲಿದ್ದ ಮೊಯಿನಾಕ್ ಘೋಷ್ ಮತ್ತು ಗೆಳೆಯರು 'ಬೆಲೆನಿಕ್ಸ್' ಮಾಡಿದರು. ಕಂಪನಿಯ ಹೆಸರಲ್ಲಿ ಸೂರ್ಯನಿದ್ದಾನೆಂದು ಪ್ರಾಚೀನ ಕೆಲ್ಟ್ ಜನರ ಸೂರ್ಯದೇವ ಬೆಲೆನೋಸ್‌ನ ಹೆಸರನ್ನು ಹುಡುಕಿ ಇಟ್ಟದ್ದು.

ಒಂದು ಸಿಡಿಯಲ್ಲಿ ಹಿಡಿಯುವುದು 700 ಎಂಬಿ. ಸೋಲಾರಿಸ್ ಅದಕ್ಕಿಂತ ಎಷ್ಟೋ ದೊಡ್ಡದು. ಬೆಲೆನಿಕ್ಸ್ ತಂಡ ಫೈಲುಗಳನ್ನು ಸಂಕುಚಿಸಿಯೇ ಸಿಡಿಯಲ್ಲಿಟ್ಟು, ಓದುವಾಗ ಬೇಕಾದಷ್ಟನ್ನೇ ಬಿಡಿಸುವ ಏರ್ಪಾಟನ್ನು ಸೋಲಾರಿಸ್‌ನ ಒಳಗೇ ಸೇರಿಸಿತು. ಸಿಡಿಯಲ್ಲಿ ಹಿಂದೆ ಮುಂದೆ ಓಡಾಡುವುದು ನಿಧಾನವೆಂದು, ಯಾವ ಫೈಲನ್ನು ಯಾವ ಕ್ರಮದಲ್ಲಿಡಬೇಕು ಎಂಬುದಕ್ಕೂ ತಲೆ ಕೆಡಿಸಿಕೊಂಡಿತು. ಡೆಬಿಯನ್ ಲಿನಕ್ಸಿನ ಸ್ಥಾಪಕ ಇಯಾನ್ ಮರ್ಡಾಕ್ 2007ರಲ್ಲಿ ಸನ್ ಸೇರಿ, ಕಂಪನಿಯದೇ ಅಧಿಕೃತ ಓಪನ್‌ಸೋಲಾರಿಸ್ ಸಿಡಿಯನ್ನು 2008ರ ಮೇಯಲ್ಲಿ ತಂದಾಗ ಅದರ ಬೆನ್ನೆಲುಬಾದದ್ದು ಬೆಂಗಳೂರಿನಲ್ಲಿ ರೂಪುಗೊಂಡ ಈ ತಂತ್ರವೇ.

ಆ ಕಾಲದ ಡಯಲ್-ಅಪ್ ಸಂಪರ್ಕದಲ್ಲಿ 700 ಎಂಬಿ ಇಳಿಸಲು ಲೆಕ್ಕದ ಪ್ರಕಾರವೇ ಒಂದು ದಿನಕ್ಕಿಂತ ಹೆಚ್ಚು ಬೇಕು. ಸುಳ್ಯ, ಕಡಬದಂಥ ಊರಿನಲ್ಲಿ, ಅದೂ ಗುಡುಗಿದರೆ ಫೋನಿನ ವಯರು ಕಿತ್ತಿಡುವ ಮಳೆಗಾಲದಲ್ಲಿ, ಅದು ಆಗಿಹೋಗುವ ಮಾತಲ್ಲ. ಹಾಗಾಗಿ ಓಪನ್ ಸೋರ್ಸ್ ಪ್ರಯಾಣ ಮಾಡಿದ್ದು ಬಹುಪಾಲು ಅಂಚೆ ಚೀಲದಲ್ಲಿ, ಕಂಪ್ಯೂಟರ್ ಪತ್ರಿಕೆಗಳ ಜತೆಗಿನ ಡಿಸ್ಕಿನಲ್ಲಿ. ಉಬುಂಟು ಲಿನಕ್ಸಿನವರು 2005ರಿಂದ 2011ರವರೆಗೆ ಕೇಳಿದವರ ಮನೆಗೆ ಸಿಡಿಯನ್ನು ಉಚಿತವಾಗಿ ಕಳುಹಿಸುತ್ತಿದ್ದರು. ಸನ್ ಕೂಡ ಓಪನ್‌ಸೋಲಾರಿಸ್ ಡಿಸ್ಕ್ ಹಂಚಿತು, ಬೆಲೆನಿಕ್ಸ್ ಅದರಲ್ಲಿತ್ತು. ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಒಬ್ಬರಿಗೆ ಬಂದ ಸಿಡಿ ಇಡೀ ಕಾರಿಡಾರಿಗೆ ಆಗುತ್ತಿತ್ತು. ಅಲ್ಲೇ ಪಕ್ಕದಲ್ಲಿ ಕಳ್ಳ ವಿಂಡೋಸ್ ಸಿಡಿಯೂ ಇರುತ್ತಿತ್ತೆನ್ನಿ.

ಕೊಟ್ಟರೂ ಬಿಡದ ಹಿಡಿತ

ಸನ್ ಕೋಡ್ ಕೊಟ್ಟಿತು, ಹಿಡಿತ ಬಿಡಲಿಲ್ಲ. ಹೊರಗಿನವರು ಒಂದು ತಿದ್ದುಪಡಿ ಬರೆದರೆ ಅದನ್ನು ಒಳಗೆ ಸೇರಿಸಲು ಸನ್ ನೌಕರರೊಬ್ಬರು ಜವಾಬ್ದಾರಿ ಹೊರಬೇಕಿತ್ತು. ಸಮುದಾಯಕ್ಕೆಂದು ಒಂದು ಆಡಳಿತ ಮಂಡಳಿ ಇತ್ತು. ದೊಡ್ಡ ತೀರ್ಮಾನ ಕಂಪನಿಯದೇ. 'ಓಪನ್‌ಸೋಲಾರಿಸ್' ಎಂಬ ಹೆಸರನ್ನು ಯಾವುದಕ್ಕೆ ಬಳಸಬೇಕೆಂಬ ಜಗಳದಲ್ಲಿ, ವೆಬ್‌ನ ಮೂಲ ನಿಯಮಗಳನ್ನು ಬರೆದವರಲ್ಲಿ ಒಬ್ಬರಾದ ರಾಯ್ ಫೀಲ್ಡಿಂಗ್ 2008ರ ಫೆಬ್ರವರಿಯಲ್ಲಿ ಬೇಸತ್ತು ಹೊರನಡೆದರು.

ಇನ್ನೊಂದು ಕಾಗದ ಹೆಚ್ಚು ಮುಖ್ಯದ್ದು. ಕೋಡ್ ಕೊಡುಗೆ ನೀಡುವ ಪ್ರತಿಯೊಬ್ಬರೂ ಅದರ ಕೃತಿಸ್ವಾಮ್ಯದಲ್ಲಿ ಸನ್‌ಗೂ ಪಾಲು ಬರೆದುಕೊಡಬೇಕಿತ್ತು. ಆಗ ಬಹಳ ಮಂದಿ ಅದನ್ನು ಗುಮಾಸ್ತಿಕೆಯ ವಿಷಯವೆಂದು ರುಜು ಹಾಕಿದರು. ಹೀಗೆ ಇಡೀ ಕೋಡಿನ ಹಕ್ಕು ಒಂದೇ ಕಂಪನಿಯ ಕೈಯಲ್ಲಿದ್ದರೆ, ಮುಂದೆ ಬರೆಯುವುದನ್ನು ಮತ್ತೆ ಗುಟ್ಟಾಗಿಡಲು ಅದಕ್ಕೆ ಯಾರ ಅಪ್ಪಣೆಯೂ ಬೇಡ. ಲಿನಕ್ಸಿನಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಸಾವಿರಾರು ಜನರ ಹಕ್ಕು ಚದುರಿಹೋಗಿದೆ. ಎಲ್ಲರೂ ಒಪ್ಪದೆ ಷರತ್ತು ಬದಲಾಗದು.

2010ರ ಜನವರಿಯಲ್ಲಿ ಸನ್ ಕಂಪನಿ ಡೇಟಾಬೇಸ್ ಮಾರುವ ಓರಕಲ್‌ನ ಕೈಗೆ ಹೋಯಿತು, 740 ಕೋಟಿ ಡಾಲರಿಗೆ. ಅದೇ ವರ್ಷ ಆಗಸ್ಟ್ 13ರಂದು ಓರಕಲ್‌ನ ಆಂತರಿಕ ಟಿಪ್ಪಣಿಯೊಂದು ಹೊರಬಿತ್ತು: ಓಪನ್‌ಸೋಲಾರಿಸ್ ಇನ್ನಿಲ್ಲ, ದಿನದಿನದ ಕೋಡ್ ಪ್ರಕಟಣೆ ಬಂದ್. ಹತ್ತು ದಿನದ ಬಳಿಕ ಆಡಳಿತ ಮಂಡಳಿ ತನ್ನನ್ನೇ ವಿಸರ್ಜಿಸಿಕೊಂಡಿತು.

ಕಸಿ ಕಟ್ಟಿದ ಗೇರು

ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಅಲ್ಲಿಂದ ಒಯ್ದ ಕಸಿ ಗಿಡ ನೆಟ್ಟವರಿಗೆ ಗೊತ್ತು: ತಾಯಿಮರವನ್ನು ನಾಳೆ ಯಾರಾದರೂ ಕಡಿದರೂ ನಮ್ಮ ಗುಡ್ಡೆಯ ಗೇರು ತನ್ನ ಪಾಡಿಗೆ ಹೂ ಬಿಡುತ್ತದೆ, ಬೀಜವೂ ಅದೇ ಜಾತಿಯದು. ಓಪನ್ ಸೋರ್ಸ್ ಲೈಸೆನ್ಸ್ ಕೊಡುವ ಹಕ್ಕು ಈ ತರದ್ದು. ಓರಕಲ್ ಮುಂದಿನ ಕೋಡನ್ನು ಮುಚ್ಚಿಟ್ಟುಕೊಳ್ಳಬಹುದಿತ್ತು. ಅಷ್ಟರವರೆಗೆ ಹೊರಬಂದದ್ದನ್ನು ಹಿಂದಕ್ಕೆ ಕರೆಯುವ ದಾರಿ ಕಾನೂನಿನಲ್ಲಿರಲಿಲ್ಲ.

ಹಿಂದಿನ ಸನ್ ಎಂಜಿನಿಯರ್ ಗ್ಯಾರೆಟ್ ಡಿಅಮೋರ್ ಇದನ್ನು ಮೊದಲೇ ಊಹಿಸಿದ್ದರು. ಟಿಪ್ಪಣಿ ಹೊರಬೀಳುವ ಹತ್ತು ದಿನ ಮೊದಲು, ಆಗಸ್ಟ್ 3ರಂದು, 'ಇಲ್ಯುಮೋಸ್' ಎಂಬ ಸ್ವತಂತ್ರ ಕವಲನ್ನು ಘೋಷಿಸಿಯಾಗಿತ್ತು. ಮುಚ್ಚಿಟ್ಟಿದ್ದ ತುಂಡುಗಳನ್ನು ಹೊಸತಾಗಿ ಬರೆದು ತುಂಬುವುದು ಅದರ ಮೊದಲ ಕೆಲಸ. ಭಾಷೆಯ ಕೋಡಿಗೆ ಅವರು ಹೋದದ್ದು ಫ್ರೀಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ಯೂನಿಕ್ಸ್ ಕುಲದ ಬಳಿಗೆ. ಸೆಪ್ಟೆಂಬರಿನಲ್ಲಿ ಓಪನ್‌ಸೋಲಾರಿಸ್‌ನ ಮುಂದುವರಿಕೆಯಾಗಿ 'ಓಪನ್‌ಇಂಡಿಯಾನ' ಬಂತು.

ಸೋಲಾರಿಸ್ ಕೋಡಿನ ಒಳ್ಳೆಯ ಅಂಗಗಳು ಆಗಲೇ ಬೇರೆ ಬೇರೆ ಮನೆ ಸೇರಿದ್ದವು. ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆ ಒಳಗೆಲ್ಲಿ ತೊಡಕಿದೆ ಎಂದು ಇಣುಕಿ ನೋಡುವ 'ಡಿಟ್ರೇಸ್' ಅನ್ನು ಆ್ಯಪಲ್ 2007ರಲ್ಲೇ ತನ್ನ ಮ್ಯಾಕ್‌ಗೆ ಸೇರಿಸಿತ್ತು. ಡಿಸ್ಕಿನಲ್ಲಿ ಕೂತ ಮಾಹಿತಿ ಗೊತ್ತಾಗದಂತೆ ಕೆಟ್ಟಿದೆಯೇ ಎಂದು ಪ್ರತಿ ಓದಿನಲ್ಲೂ ತಾಳೆ ನೋಡುವ 'ಝೆಡ್‌ಎಫ್‌ಎಸ್' ಇವತ್ತು ಫ್ರೀಬಿಎಸ್‌ಡಿಯಲ್ಲಿದೆ. ಅದರ ಮತ್ತು ಲಿನಕ್ಸಿನ ಲೈಸೆನ್ಸುಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬ ತಕರಾರಿನ ನಡುವೆಯೂ 2016ರಿಂದ ಉಬುಂಟುವಿನಲ್ಲಿದೆ. ಡಿಟ್ರೇಸ್ ಬರೆದ ಮೂವರಲ್ಲಿ ಒಬ್ಬರಾದ ಬ್ರಯಾನ್ ಕ್ಯಾಂಟ್ರಿಲ್ ಈಗ ಆಕ್ಸೈಡ್ ಎಂಬ ಕಂಪನಿಯ ಸಹಸ್ಥಾಪಕ. ಅದು ಮಾರುವ ಸರ್ವರುಗಳೊಳಗೆ ಓಡುವುದು ಇದೇ ಇಲ್ಯುಮೋಸ್‌ನ ಒಂದು ರೂಪ.

ಓರಕಲ್‌ನ ಸೋಲಾರಿಸ್‌ಗೆ ಏನಾಯಿತು? 2017ರಲ್ಲಿ ಅದರ ತಂಡದ ಬಹುಪಾಲು ಮಂದಿಗೆ ಕಂಪನಿ ವಿದಾಯ ಹೇಳಿತು. ಹಳೆಯ ಗ್ರಾಹಕರಿಗಾಗಿ ಅದು ಉಸಿರಾಡುತ್ತಿದೆ.

ಕಿಸೆಯಲ್ಲಿರುವ ಆಂಡ್ರಾಯ್ಡ್

ಆಂಡ್ರಾಯ್ಡಿನ ಕೋಡನ್ನು ಗೂಗಲ್ 2008ರ ಅಕ್ಟೋಬರ್ 21ರಂದು ಬಿಡುಗಡೆ ಮಾಡಿತು. ಅಡಿಪಾಯಕ್ಕೆ ಲಿನಕ್ಸ್, ಅದರ ಜಿಪಿಎಲ್ ಲೈಸೆನ್ಸಿನ ಪ್ರಕಾರ ಫೋನ್ ಮಾರುವವರು ತಾವು ತಿದ್ದಿದ ಕೋಡನ್ನೂ ಕೊಡಲೇಬೇಕು. ಮೇಲಿನ ಭಾಗಕ್ಕೆ ಅಪಾಚೆ ಲೈಸೆನ್ಸ್. ತಿದ್ದಿದ್ದನ್ನು ತೋರಿಸುವ ಕಟ್ಟಳೆ ಅಲ್ಲಿಲ್ಲ. ಒಂದೊಂದು ಕಂಪನಿಯ ಫೋನು ಒಂದೊಂದು ತರ ಕಾಣುವುದಕ್ಕೂ ಆ ಬಣ್ಣಬೆಡಗಿನ ಕೋಡ್ ಸಿಗದಿರುವುದಕ್ಕೂ ಇದೇ ಕಾರಣ. ಪ್ಲೇ ಸ್ಟೋರ್, ಮ್ಯಾಪ್ಸ್ ಮೊದಲಾದವು ಗೂಗಲ್‌ನ ಸ್ವಂತದ್ದು, ಅವುಗಳ ಕೋಡ್ ಯಾರಿಗೂ ಇಲ್ಲ. 2019ರಲ್ಲಿ ಅಮೆರಿಕದ ನಿರ್ಬಂಧ ಬಂದಾಗ ಹುವಾವೆ ಕಂಪನಿ ಕಳೆದುಕೊಂಡದ್ದು ಇವುಗಳನ್ನು. ಮೂಲ ಆಂಡ್ರಾಯ್ಡನ್ನು ಅದರ ಕೈಯಿಂದ ಕಿತ್ತುಕೊಳ್ಳಲು ಬರಲಿಲ್ಲ.

ಸನ್‌ನ ಕತೆಯ ಛಾಯೆ ಇಲ್ಲೂ ಇದೆ. ಆಂಡ್ರಾಯ್ಡಿನ ಬರವಣಿಗೆಯನ್ನೆಲ್ಲ ಇನ್ನು ಕಂಪನಿಯ ಒಳಗೇ ನಡೆಸಿ, ಆವೃತ್ತಿ ಸಿದ್ಧವಾದ ಮೇಲೆ ಕೋಡ್ ಪ್ರಕಟಿಸುವುದಾಗಿ ಗೂಗಲ್ 2025ರ ಮಾರ್ಚಿನಲ್ಲಿ ತಿಳಿಸಿತು. ಕೋಡ್ ಸಿಗುತ್ತದೆ, ಅದು ಬರೆಯಲ್ಪಡುತ್ತಿರುವಾಗ ನೋಡಲು ಸಿಗುವುದಿಲ್ಲ.

ಪುತ್ತೂರಿನ ವಿವೇಕಾನಂದ ಅಥವಾ ಸುಳ್ಯದ ಕೆವಿಜಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗೆ ಆಂಡ್ರಾಯ್ಡ್, ಇಲ್ಯುಮೋಸ್, ಹಾರ್ಫ್‌ಬಜ್ ಮೂರರ ಕೋಡೂ ಇವತ್ತು ತರಗತಿಯಲ್ಲಿ ಕೂತಲ್ಲೇ ಸಿಗುತ್ತದೆ. ಇಲ್ಯುಮೋಸ್‌ನ ಕಡತಗಳಲ್ಲಿ ಸನ್ ಎಂಜಿನಿಯರುಗಳು ಬರೆದ ವಿವರಣೆಗಳು ಹಲವು ಕಡೆ ಪಠ್ಯಪುಸ್ತಕಕ್ಕಿಂತ ಸೊಗಸಾಗಿವೆ; ಆಪರೇಟಿಂಗ್ ಸಿಸ್ಟಂ ಪಾಠ ಮಾಡುವವರು ಅವನ್ನು ಯಾಕೆ ಬಳಸುವುದಿಲ್ಲವೋ ನನಗೆ ತಿಳಿಯದು.

ರಿಪೇರಿ ಅಂಗಡಿಯ ಗಿರಾಕಿಗೂ ಇದರಲ್ಲಿ ಒಂದು ಹಕ್ಕಿದೆ. ತಯಾರಕರು ಅಪ್‌ಡೇಟ್ ನಿಲ್ಲಿಸಿದ ಹಳೆಯ ಫೋನಿಗೆ ಲಿನೇಜ್‌ಓಎಸ್ ಥರದ ಸ್ವಯಂಸೇವಕರ ಆವೃತ್ತಿ ಬರಬೇಕಾದರೆ ಆ ಫೋನಿನ ಲಿನಕ್ಸ್ ಕೋಡ್ ಸಿಗುವುದು ಬಹಳ ಮುಖ್ಯ. ಕೊಡಲೇಬೇಕಾದ ಆ ಕೋಡನ್ನು ಕೆಲವು ಕಂಪನಿಗಳು ತಿಂಗಳುಗಟ್ಟಲೆ ಕೊಡದೆ ಸತಾಯಿಸುವುದುಂಟು. ಫೋನಿನ ಜತೆಯಲ್ಲೇ ಕೋಡ್ ಇಡದ ಕಂಪನಿ, ಕೇಳಿದವರಿಗೆ ಕೊಡುತ್ತೇವೆಂಬ ಲಿಖಿತ ಭರವಸೆ ಇಡಬೇಕು, ಅದು ಕನಿಷ್ಠ ಮೂರು ವರ್ಷ ಊರ್ಜಿತದಲ್ಲಿರಬೇಕು ಎಂದು ಜಿಪಿಎಲ್ ಹೇಳುತ್ತದೆ. ಕೇಳುವವರು ಎಂಜಿನಿಯರೇ ಆಗಿರಬೇಕೆಂದಿಲ್ಲ, ಆ ಫೋನ್ ಕೊಂಡವರೇ ಆಗಬೇಕೆಂದೂ ಇಲ್ಲ. ಕಡಬದ ಅಡಿಕೆ ಬೆಳೆಗಾರರೊಬ್ಬರು ಪತ್ರ ಬರೆದರೂ ಸಾಕು. ಕೋಡಿನ ಪ್ರತಿ ಮಾಡಿ ಕಳುಹಿಸಲು ತಗಲುವ ಖರ್ಚನ್ನು ಮಾತ್ರ ಕಂಪನಿ ಅವರಿಂದ ಕೇಳಬಹುದು.